ಗುಹೆಯ ಬಾಯಿಗೆ ಕದವಿಟ್ಟ ಕಥೆ

ರಕ್ಷಿತಾರಣ್ಯದ ಗುಹೆ ನೋಡಲು ಹೊರಟರೆ ಟಿಕೆಟ್ಟು, ಗೇಟು, ಜೊತೆಗೊಬ್ಬ ಮಾರ್ಗದರ್ಶಿ, ಇಂತಿಷ್ಟೇ ಹೊತ್ತು ಎಂಬ ಕಟ್ಟುಪಾಡು. ಕಲ್ಲು ನೋಡಲು ಇಷ್ಟೆಲ್ಲ ಯಾಕೆ ಎಂದು ಹಲವರು ಗೊಣಗುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಜೆನೋಲನ್ ಸುಣ್ಣಕಲ್ಲಿನ ಗುಹೆಗಳ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಲ್ಲಿ ಇಂಥ ಕಟ್ಟುಪಾಡು ಬೇಕೆಂದು ಹಟ ಹಿಡಿದವನೇ ಒಬ್ಬ ಪ್ರವಾಸಿ.

ಗುಂಡುಂಗುರ್ರಾ ಮೂಲನಿವಾಸಿಗಳಿಗೆ ಆ ಗುಹೆಗಳು ಬಹುಕಾಲದಿಂದ ಗೊತ್ತಿದ್ದವು. ಅಲ್ಲಿನ ನೀರಿಗೆ ರೋಗ ಕಳೆಯುವ ಶಕ್ತಿಯಿದೆ ಎಂಬುದು ಅವರ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ವಲಸಿಗ ಪ್ರವಾಸಿಗಳು ಮಾತ್ರ ನೆನಪಿಗೆಂದು ಕಲ್ಲು ಮುರಿದು ಒಯ್ಯತೊಡಗಿದರು. 1861ರಲ್ಲಿ ಗುಹೆ ನೋಡಲು ಬಂದ ಶಾಸಕ ಜಾನ್ ಲೂಕಸ್ ಆ ಹಾಳನ್ನು ಕಂಡು ಮರುಗಿದ. ಅವನ ಒತ್ತಾಯದಿಂದ 1866ರಲ್ಲಿ ಆ ನೆಲ ರಕ್ಷಿತ ಪ್ರದೇಶವಾಯಿತು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕಿಂತ ಆರು ವರ್ಷ ಮೊದಲು. ಮರುವರ್ಷ ಜೆರೆಮಯಾ ವಿಲ್ಸನ್ ಕಾವಲುಗಾರನಾದ. ಆದರೂ ಮುರಿಯುವ ಕೈಗಳು ನಿಲ್ಲಲಿಲ್ಲ. 1872ರಲ್ಲಿ ಕಲ್ಲು ಮುರಿಯುವುದನ್ನೇ ನಿಷೇಧಿಸಬೇಕಾಯಿತು. ನಕ್ಷೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಗುಹೆ ಉಳಿಯುವುದಿಲ್ಲ ಎಂಬುದನ್ನು ಆ ಆರು ವರ್ಷಗಳು ಕಲಿಸಿದವು.

ಒಂದು ತುಂಡು ಮುರಿದರೆ ಏನು ಮಹಾ, ಮತ್ತೆ ಬೆಳೆಯುವುದಿಲ್ಲವೇ ಎನ್ನಬಹುದು. ಬೆಳೆಯುವ ಬಗೆಯನ್ನು ನೋಡಿ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ, ಬಂಡೆಯ ಸುಣ್ಣವನ್ನು ಕರಗಿಸಿಕೊಂಡು ಇಳಿಯುತ್ತದೆ. ಚಾವಣಿಯಲ್ಲಿ ಹನಿಯಾಗಿ ತೂಗುವಾಗ ಆ ಅನಿಲ ಹಾರಿಹೋಗಿ, ಹನಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸುಣ್ಣದ ಉಂಗುರ ಉಳಿಯುತ್ತದೆ. ಉಂಗುರದ ಮೇಲೆ ಉಂಗುರ ಕೂಡಿ, ಆಲದ ಬಿಳಲಿನಂತೆ ಕಲ್ಲು ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಗೇಣುದ್ದ ಬೆಳೆಯಲು ಸಾವಿರಾರು ವರ್ಷ ಬೇಕು. ಮುರಿಯಲು ಒಂದು ಕ್ಷಣ ಸಾಕು.

ಹಾಗಾದರೆ ಪೂರ್ತಿ ಮುಚ್ಚಿಬಿಡಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತಿರುಳಿದೆ. 1880ರಲ್ಲೇ ಜೆನೋಲನ್‌ನಲ್ಲಿ ವಿದ್ಯುದ್ದೀಪ ಬೆಳಗಿತು. ದೀಪವಿದ್ದರೆ ಮೇಣದಬತ್ತಿಯ ಮಸಿ ತಪ್ಪುತ್ತದೆ, ಆದರೆ ಸದಾ ಬೆಳಕು ಬಿದ್ದ ಗುಹೆಗೋಡೆಗೆ ಪಾಚಿ ಹಿಡಿಯುತ್ತದೆ. ಬಟ್ಟೆಯ ಧೂಳು, ಜನರ ಉಸಿರು ಕೂಡ ಗುಹೆಗೆ ಹೊರೆಯೇ. ಬಾವಲಿಗಳು ಮರಿಹಾಕುವ ಗುಹೆಗಳಿಗೆ, ತೀರಾ ಸೂಕ್ಷ್ಮವಾದ ಕೋಣೆಗಳಿಗೆ ಬೀಗವೇ ಸರಿ. ಆದರೆ ಎಲ್ಲವನ್ನೂ ಮುಚ್ಚಿದರೆ ಮುಂದಿನ ಜಾನ್ ಲೂಕಸ್ ಎಲ್ಲಿಂದ ಬರಬೇಕು? ಕಣ್ಣಾರೆ ಕಂಡದ್ದಕ್ಕೆ ಮಿಡಿಯುವಷ್ಟು ಮನಸ್ಸು ಕಾಣದ್ದಕ್ಕೆ ಮಿಡಿಯುವುದಿಲ್ಲ. ಆದ್ದರಿಂದ ಕೆಲವು ಗುಹೆಗಳು ತೆರೆದಿರಲಿ. ಗೊತ್ತುಮಾಡಿದ ಹಾದಿಯಲ್ಲಿ, ಕೆಲವೇ ಜನ, ಏನನ್ನೂ ಮುಟ್ಟದೆ, ಬಂದುಹೋದ ಮೇಲೆ ದೀಪ ಆರಿಸಿ. ಗೇಟಿನ ಮುಂದೆ ಕಾಯುವ ಅರ್ಧ ಗಂಟೆ, ಆ ಹನಿ ಕಾದಿರುವ ಕಾಲದೆದುರು ದೊಡ್ಡದೇನಲ್ಲ.