ದೀಪದ ಲೆಕ್ಕ

1980ರ ದಶಕದ ಕೊನೆಯಲ್ಲಿ, ವಿದ್ಯುತ್ ಕಡಿತವಾದ ಸಂಜೆಗಳಲ್ಲಿ, ಆಗತಾನೇ ಅಧ್ಯಾಪಕನಾಗಿದ್ದ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಗೊಣಗುತ್ತಿದ್ದೆ. ನಾಡಿಗೆ ಇನ್ನೂ ಹೆಚ್ಚು ವಿದ್ಯುತ್ ಬೇಕೆಂಬುದು ನನ್ನ ನಂಬಿಕೆಯಾಗಿತ್ತು. ಯೋಜನೆ ಬರೆಯುವವರ ನಂಬಿಕೆಯೂ ಅದೇ. ತಂತಿಯೇ ಬಾರದ ಮನೆಯವರ ಪಾಡೇನು ಎಂಬುದು ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. ಅದನ್ನು ಲೆಕ್ಕದ ಮೊದಲ ಸಾಲಿನಲ್ಲಿಯೇ ಬರೆದವರು ಪ್ರೊ. ಅಮೂಲ್ಯ ರೆಡ್ಡಿಯವರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರು 1974ರಲ್ಲಿ ಅಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಅವರ ತಂಡ ತುಮಕೂರು ಜಿಲ್ಲೆಯ ಪುರ ಎಂಬ ಸಣ್ಣ ಊರಿನಲ್ಲಿ ಸೌದೆ, ಸೀಮೆಎಣ್ಣೆ, ಎತ್ತಿನ ದುಡಿಮೆ, ಮನುಷ್ಯನ ದುಡಿಮೆ ಎಲ್ಲವನ್ನೂ ಅಳೆಯಿತು. ಊರಿನ ಶಕ್ತಿಯಲ್ಲಿ ಬಹುಪಾಲು ಒಲೆಯ ಸೌದೆಯದು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರದು. ಊರಿಗೆ ವಿದ್ಯುತ್ ಬಂದಿದ್ದರೂ ಹೆಚ್ಚಿನ ಮನೆಗಳಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ಬುಡ್ಡಿ. ಸರಕಾರದ ಕಡತದಲ್ಲಿ ಮಾತ್ರ ಆ ಊರು ಬೆಳಗಿತ್ತು.

ಅದೇ ಕಾಲಕ್ಕೆ ಕರ್ನಾಟಕದಲ್ಲಿ 1987ರಿಂದ 2000ದವರೆಗಿನ ದೀರ್ಘಾವಧಿ ವಿದ್ಯುತ್ ಯೋಜನೆಯೊಂದು ಸಿದ್ಧವಾಯಿತು. ಹಿಂದಿನ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆದು, ಅಷ್ಟು ಬೇಡಿಕೆಗೆ ಅಷ್ಟು ಸ್ಥಾವರಗಳು ಎನ್ನುವುದು ಅಂಥ ಯೋಜನೆಗಳ ವಾಡಿಕೆ. ರೆಡ್ಡಿಯವರೂ ಸಂಗಡಿಗರೂ 'ಡಿಫೆಂಡಸ್' ಎಂಬ ಬೇರೊಂದು ಲೆಕ್ಕವನ್ನು ಮುಂದಿಟ್ಟರು. ಅದರ ಗಣಿತ ಸರಳ: ಬಳಸುವವರೆಷ್ಟು ಮಂದಿ, ಒಬ್ಬೊಬ್ಬರಿಗೆ ಯಾವ ಕೆಲಸಕ್ಕೆ ಎಷ್ಟು ಬೇಕು, ಇವೆರಡರ ಗುಣಲಬ್ಧ. ಆಮೇಲೆ, ಒಂದು ಯೂನಿಟ್ಟನ್ನು ಉತ್ಪಾದಿಸುವುದು ಅಗ್ಗವೋ ಉಳಿಸುವುದು ಅಗ್ಗವೋ ಎಂಬ ತುಲನೆ. ಎಲ್ಲ ಮನೆಗಳಿಗೂ ದೀಪ ಕೊಟ್ಟು, ನೀರಾವರಿ ಪಂಪುಗಳನ್ನು ಸುಧಾರಿಸಿ, ಬಚ್ಚಲಿನ ನೀರನ್ನು ಬಿಸಿಲಿನಿಂದಲೇ ಕಾಯಿಸಿದರೆ, 2000ಕ್ಕೆ ಬೇಕಾಗುವ ವಿದ್ಯುತ್ತು ಸರಕಾರಿ ಅಂದಾಜಿನ ಸುಮಾರು ಐದರಲ್ಲಿ ಎರಡು ಪಾಲು ಮಾತ್ರವೆಂದು ಅವರಿಗೆ ಕಂಡುಬಂದಿತು.

ಇದೂ ಊಹೆಯೇ ಅಲ್ಲವೇ ಎನ್ನಬಹುದು. ಹೌದು. ಉಳಿತಾಯದ ದೀಪಕ್ಕೆ ಮೊದಲೇ ಹೆಚ್ಚು ಬೆಲೆ ತೆರಬೇಕು. ದಿನಗೂಲಿಯವನು ಇಂದಿನ ಬೆಲೆಯನ್ನು ನೋಡುತ್ತಾನೆಯೇ ಹೊರತು ಹತ್ತು ವರ್ಷದ ಲಾಭವನ್ನಲ್ಲ. ರೆಡ್ಡಿಯವರು ಇದನ್ನು ಬಡವನ ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಆ ಬೆಲೆಯನ್ನು ಕಂತುಗಳಾಗಿ ಹಂಚಿಕೊಡುವ ಏರ್ಪಾಡು ಬೇಕೆಂದರು. ಅವರು 2006ರಲ್ಲಿ ತೀರಿಕೊಂಡರು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ, ಎಲ್‌ಇಡಿ ದೀಪದ ಬೆಲೆಯನ್ನು ವಿದ್ಯುತ್ ಬಿಲ್ಲಿನೊಡನೆ ಕಂತಿನಲ್ಲಿ ತೀರಿಸುವ ಅನುಕೂಲವೂ ಬಂದಿತು.

ಕಾವ್ಯವನ್ನು ಪಾಠ ಹೇಳುವಾಗ, ಪದಗಳನ್ನು ಎಣಿಸಿದರೆ ಸಾಲದು, ಅವು ಯಾರನ್ನು ಕುರಿತು ಏನನ್ನು ಹೇಳುತ್ತಿವೆ ಎಂದು ನೋಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಯೂನಿಟ್ಟುಗಳ ವಿಷಯದಲ್ಲಿಯೂ ಆ ಮಾತು ಸಲ್ಲುತ್ತದೆಯೆಂದು ನಾನು ತಿಳಿದುಕೊಂಡದ್ದು ಬಹಳ ತಡವಾಗಿ.