ಆರು ಕೀಲಿಗಳಲ್ಲಿ ಹಳಿಯಾಳ

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳು. ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ಸಾವಿರಾರು. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕೀಲಿಗಳು 26 ಮಾತ್ರ. ಇಷ್ಟರಲ್ಲಿ ಕನ್ನಡ ಹಿಡಿಸುವುದು ಹೇಗೆ?

ಈ ತೊಡಕಿಗೆ ಸುಲಭ ದಾರಿ ತೋರಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. ಅವರು ಹೊಸ ಕೀಲಿಮಣೆ ಮಾಡಲಿಲ್ಲ. ಜನರಿಗೆ ಗೊತ್ತಿದ್ದ ಇಂಗ್ಲಿಷ್ ಅಕ್ಷರದ ಧ್ವನಿಯನ್ನೂ ಶಾಲೆಯ ಕಾಗುಣಿತವನ್ನೂ ಜೋಡಿಸಿದರು. ‘ಕೆ’ ಒತ್ತಿದರೆ ಕ. ಶಿಫ್ಟ್ ಜೊತೆ ಒತ್ತಿದರೆ ಖ. ‘ಐ’ ಒಂಟಿಯಾಗಿದ್ದರೆ ಇ. ವ್ಯಂಜನದ ನಂತರ ಬಂದರೆ ಗುಡಿಸು. ‘ಎಫ್’ ಒತ್ತಕ್ಷರವನ್ನು ಬೆಸೆಯುತ್ತದೆ. ‘ಹಳಿಯಾಳ’ ಬರೆಯಲು ಎಚ್, ಶಿಫ್ಟ್ ಎಲ್, ಐ, ವೈ, ಶಿಫ್ಟ್ ಎ, ಶಿಫ್ಟ್ ಎಲ್: ಆರೇ ಅಕ್ಷರದ ಕೀಲಿಗಳು!

ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಈ ವಿನ್ಯಾಸವನ್ನು ಅಳವಡಿಸಿಕೊಂಡಿತು. ಅಲ್ಪ ಬದಲಾವಣೆಯೊಂದಿಗೆ ಕರ್ನಾಟಕ ಸರಕಾರವೂ ಒಪ್ಪಿತು. ಮುಂದೆ ಹಳೆಯ ಫಾಂಟುಗಳ ಸಂಕೇತ ಹೋಗಿ ಯೂನಿಕೋಡ್ ಬಳಕೆಗೆ ಬಂದರೂ ಬೆರಳಿನ ಅಭ್ಯಾಸ ಬದಲಿಸಬೇಕಾಗಲಿಲ್ಲ.

ವಿದ್ಯಾರ್ಥಿ ಮಿತ್ರರೇ, ದಾಂಡೇಲಿ, ಜೋಯಿಡಾ, ಮುಂಡಗೋಡದ ಎಷ್ಟೋ ಮನೆಗಳ ಮಾತು ಉರ್ದು, ಕೊಂಕಣಿ, ಮರಾಠಿ. ಆ ಮಕ್ಕಳಿಗೂ ಶಾಲೆಯ ಕಾಗುಣಿತವೇ ಇಲ್ಲಿ ಸಾಕು. ನಾಳೆ ನೀವು ತಂತ್ರಾಂಶ ರಚಿಸುವಾಗ, ಬಳಸುವವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಮೊದಲು ಕೇಳಿರಿ. ಅಲ್ಲಿಂದಲೇ ಆರಂಭಿಸಿರಿ.