ಟೈಂಪಾಸ್

ರೈಲು ಅರಸೀಕೆರೆ ಬಿಟ್ಟು ವೇಗ ಹಿಡಿಯುವ ಮೊದಲೇ ಬೋಗಿಯೊಳಗೆ ‘ಟೈಂಪಾಸ್, ಟೈಂಪಾಸ್’ ಎಂದು ಕೂಗು ಕೇಳುತ್ತದೆ. ಅದೇನೆಂದು ಯಾರೂ ಕೇಳುವುದಿಲ್ಲ. ಹುರಿದ ಕಡಲೆಕಾಯಿ ಎಂದು ಮಕ್ಕಳಿಗೂ ಗೊತ್ತು. ಇಂಗ್ಲಿಷಿನ ಎರಡು ಪದ ಕೂಡಿ ನಮ್ಮಲ್ಲಿ ತಿನ್ನುವ ಪದಾರ್ಥದ ಹೆಸರೇ ಆಗಿಬಿಟ್ಟಿದೆ. ತಲೆ ಕೆಡಿಸಿಕೊಳ್ಳದೆ ನೋಡುವ ಚಿತ್ರ ಟೈಂಪಾಸ್ ಸಿನಿಮಾ. ‘ಅವನು ಬರೀ ಟೈಂಪಾಸ್ ಮಾಡ್ದ’ ಎಂದು ಹುಡುಗಿಯೊಬ್ಬಳು ಹೇಳಿದರೆ ಅದು ಸಣ್ಣ ದೂರಲ್ಲ.

ಈ ಬಳಕೆಗಳ ಬಗ್ಗೆ ನನ್ನ ತಕರಾರಿಲ್ಲ. ಬೇಸರವಾಗುವುದು, ಜನ ತಮ್ಮ ಪ್ರೀತಿಯ ಕೆಲಸಕ್ಕೂ ಇದೇ ಹೆಸರಿಡುವಾಗ. ‘ಬಿಡುವಿನಲ್ಲಿ ಏನು ಮಾಡ್ತೀರಿ?’ ಎಂದರೆ ಸಾಕು, ‘ಏನೋ ಟೈಂಪಾಸ್‌ಗೆ ಒಂದಿಷ್ಟು ಓದ್ತೀನಿ, ಹಾಡು ಕೇಳ್ತೀನಿ’ ಎಂದು ಮಾತು ಮುಗಿಸಿಬಿಡುತ್ತಾರೆ.

ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರ ಬಳಿ ರಂಗೋಲಿ ಪುಸ್ತಕವಿದೆ. ಹಳೆಯ ಲೆಕ್ಕದ ಪುಸ್ತಕ, ರಟ್ಟು ಕಿತ್ತುಬಂದು ದಾರದಲ್ಲಿ ಹೊಲಿದದ್ದು. ಪ್ರತಿ ಪುಟದ ಮೂಲೆಯಲ್ಲಿ ಚುಕ್ಕಿಯ ಲೆಕ್ಕ: ‘15ರಿಂದ 8, ಸಂದು ಚುಕ್ಕಿ’. ಎಳೆ ಎಲ್ಲಿ ಶುರುವಾಗಿ ಎಲ್ಲಿ ಸೇರಬೇಕು ಎಂಬುದಕ್ಕೆ ಕೆಂಪು ಶಾಯಿಯ ಗುರುತು. ಕೂಡಿಬಾರದ ರಂಗೋಲಿಗಳನ್ನೂ ಹರಿದೆಸೆದಿಲ್ಲ. ಎಲ್ಲಿ ತಪ್ಪಿತೆಂದು ಪಕ್ಕದಲ್ಲೇ ಬರೆದಿದ್ದಾರೆ. ಪುಟ ತಿರುವುತ್ತಾ ನಾನು ಬೆರಗಾಗಿ ಕೂತಿದ್ದರೆ ಅವರು, ‘ಅಯ್ಯೋ, ಟೈಂಪಾಸ್‌ಗೆ ಬರ್ದಿದ್ದು ಕಣಮ್ಮ’ ಎಂದು ಪುಸ್ತಕ ಎತ್ತಿಡಲು ಎದ್ದರು. ಅದು ವಿನಯ, ನಿಜ. ಆದರೆ ಮನೆಯ ಕೆಲಸವೆಲ್ಲ ಮುಗಿದ ಮೇಲೆ ಉಳಿದಷ್ಟೇ ಹೊತ್ತು ತನ್ನದು ಎಂದು ಬದುಕಿದವರಿಗೆ, ಆ ಹೊತ್ತಿನಲ್ಲಿ ಮಾಡಿದ್ದಕ್ಕೆ ಬೆಲೆಯಿದೆ ಎಂದು ಯಾರೂ ಹೇಳಿಕೊಟ್ಟೇ ಇಲ್ಲ. ಅದು ನನ್ನನ್ನು ಕಾಡುತ್ತದೆ.

ಹೊತ್ತು ಕಳೆಯುವುದಕ್ಕೆ ನಮ್ಮಲ್ಲಿ ಕಾಲಕ್ಷೇಪ ಎಂಬ ಮಾತು ಮೊದಲೇ ಇತ್ತು. ಹರಿಕಥೆಯನ್ನು ಕಥಾಕಾಲಕ್ಷೇಪ ಎಂದೇ ಕರೆದರು. ಶ್ರೀವೈಷ್ಣವರಲ್ಲಿ ಗುರುವಿನ ಮುಂದೆ ಕೂತು ಗ್ರಂಥ ಪಾಠ ಹೇಳಿಸಿಕೊಳ್ಳುವುದೂ ಕಾಲಕ್ಷೇಪವೇ. ಕಾಲ ಹೇಗೂ ಕಳೆಯುತ್ತದೆ, ಅದನ್ನು ಯಾವುದರಲ್ಲಿ ಕಳೆದೆವು ಎನ್ನುವುದಕ್ಕೆ ಆ ಮಾತಿನಲ್ಲಿ ಗೌರವದ ಜಾಗವಿತ್ತು. ಟೈಂಪಾಸ್‌ನಲ್ಲಿ ಅದಿಲ್ಲ.

ನಾಟಕದವರು ಈ ವಿಷಯದಲ್ಲಿ ಜಾಣರು. ಬೆಂಗಳೂರಿನಲ್ಲಿ 1909ರಲ್ಲೇ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಹೊಟ್ಟೆಪಾಡಿಗಲ್ಲದೆ ಬಣ್ಣ ಹಚ್ಚುವವರು ತಮ್ಮದನ್ನು ವಿಲಾಸಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ಕರೆದುಕೊಂಡರು. ಕರಾವಳಿಯಲ್ಲಿ ಈಗಲೂ ‘ಹವ್ಯಾಸಿ ಯಕ್ಷಗಾನ ತಂಡ’ ಎಂದು ಬೋರ್ಡು ಹಾಕಿಕೊಳ್ಳಲು ಯಾರೂ ಸಂಕೋಚಪಡುವುದಿಲ್ಲ. ಭೂವಿಜ್ಞಾನ ಓದಿ ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ನೌಕರಿಗೆ ಸೇರಿದ್ದ ಟಿ.ಪಿ. ಕೈಲಾಸಂ ಅವರನ್ನು ಇಂದು ಕಲ್ಲುಗಳಿಗಾಗಿ ಯಾರೂ ನೆನೆಯುವುದಿಲ್ಲ, ನಾಟಕಗಳಿಗಾಗಿ ನೆನೆಯುತ್ತಾರೆ.

ಕಲ್ಲು ಎಂದಾಗ ಬೆಂಗಳೂರಿನ ಹೆಬ್ಬಾಳ ನೆನಪಾಗುತ್ತದೆ. 2018ರಲ್ಲಿ ಅಲ್ಲಿ ಮಣ್ಣಿನಡಿಯಿಂದ ಸಿಕ್ಕ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಹೋರಾಡಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಆ ಹೊತ್ತಿಗೆ ಬೆಂಗಳೂರಿನ ಶಾಸನಗಳನ್ನು ಹುಡುಕುವ ಆಸಕ್ತರ ಗುಂಪೊಂದು ಕೆಲಸ ಶುರುಮಾಡಿಯಾಗಿತ್ತು. ಮುಂದಾಳು ಇತಿಹಾಸದ ಪ್ರಾಧ್ಯಾಪಕರಲ್ಲ, ಮೆಕ್ಯಾನಿಕಲ್ ಇಂಜಿನಿಯರು. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಬೆಂಗಳೂರು ಸಂಪುಟವನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಕಲ್ಲುಗಳು ಈಗ ಎಲ್ಲಿವೆ, ಇವೆಯೋ ಇಲ್ಲವೋ ಎಂದು ಗುಂಪಿನವರು ಕೇರಿಕೇರಿ ಸುತ್ತಿದರು. ಹೆಬ್ಬಾಳದ ಕಲ್ಲಿಗೆ ಊರಿನವರು, ಆಸಕ್ತರು ಕೈಯಿಂದ ಹಣ ಹಾಕಿ ಮಂಟಪ ಕಟ್ಟಿಸಿದರು.